ಒದ್ದೆ ಗಾಡಿಯ ಭಯೋತ್ಪಾದಕಿ

ಹೆಂಗಸರನ್ನು ಹತ್ತಿಸಿಕೊಳ್ಳುವ ಮುಂಚೆ ಲಝರ್ ತನ್ನ ಪಿಕಪ್ ಗಾಡಿಯ ಹಿಂಭಾಗಕ್ಕೆ ಒಂದು ಬಕೆಟ್ ನೀರು ಸುರಿಯುತ್ತಿದ್ದ. ತೊಳೆಯುವುದಕ್ಕಲ್ಲ. ಲಝರ್ ಗಾಡಿ ತೊಳೆದದ್ದನ್ನು ಐನ್ ಝರ್ದಾ ಊರಲ್ಲಿ ಯಾರೂ ಕಂಡಿಲ್ಲ. ಒದ್ದೆಯಲ್ಲಿ ಯಾರೂ ಕೂರುವುದಿಲ್ಲವಲ್ಲ, ಅದಕ್ಕೆ. ಕೂತರೆ ಹದಿನೈದು ಜನ ಹಿಡಿಯುವ ಕಡೆ ನಿಂತರೆ ಮೂವತ್ತು ಜನ ಹಿಡಿಯುತ್ತಾರೆ. ಸವಾರಿಯ ಬಾಡಿಗೆಯನ್ನು ತಲೆ ಎಣಿಸಿ ಅವರ ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದ. ಅವನ ಪಾಲಿಗೆ ಹೆಂಗಸರೆಂದರೆ ಬರೀ ತಲೆ. ಅಂಡು ಎಂಬುದೊಂದು ಅವರಿಗೂ ಇದೆ, ಅದನ್ನು ಎಲ್ಲಾದರೂ ಊರಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಲ್ಜಿಯಾ ಹೇಳಿಕೊಡಲು ನೋಡಿದ್ದಳು.

"ಲಝರ್, ನಿಮ್ಮವ್ವನ್ನೂ ಹಿಂಗೇ ನೀರಲ್ಲಿ ನಿಲ್ಲಿಸ್ಕೊಂಡು ಹೋಗ್ತೀಯಾ?"

"ನಮ್ಮವ್ವ ಕೂಲಿಗೆ ಹೋಗಲ್ಲ ಖಾಲ್ತಿ."

"ಅದೇ ಮತ್ತೆ. ಹೋಗಿದ್ರೆ ನೀನು ಇಷ್ಟು ಕೊಬ್ಬಿ ಬೆಳೀತಿರ್ಲಿಲ್ಲ."

ಲಝರ್ ಹಲ್ಲು ಕಿರಿದು ಬಕೆಟ್ ಬೋರಲು ಹಾಕುತ್ತಿದ್ದ.

ಅಲ್ಜಿಯಾ ಊರಿಗೆಲ್ಲ ಖಾಲ್ತಿ, ಅಂದರೆ ಚಿಕ್ಕಮ್ಮ. ಗಂಡ ಸತ್ತು ಬಹಳ ಕಾಲವಾಗಿತ್ತು. ಮಗ ಲಿಬಿಯಾದಲ್ಲಿ ಇಟ್ಟಿಗೆ ಹೊರುತ್ತಿದ್ದ. ಮನೆಯಲ್ಲಿ ಅವಳು, ಒಂದು ಮೇಕೆ, ಮತ್ತೆ ಅವಳ ಎರಡು ಹಾಳಾದ ಮೊಣಕಾಲು. ಮೇಕೆಗಿಂತ ಮೊಣಕಾಲುಗಳೇ ಜಾಸ್ತಿ ಕೂಗುತ್ತವೆ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಆಲಿವ್ ಕೊಯ್ಲಿನ ಚಳಿಗಾಲ. ಬೆಳಕು ಹರಿಯುವ ಮುಂಚೆ ಗಾಡಿ ಹತ್ತಬೇಕು. ಚಪ್ಪಲಿಯ ಬಿರುಕಿನಿಂದ ನೀರು ಒಳಗೆ ಬರುತ್ತದೆ. ಮೊದಲು ಬೆರಳು ಮರಗಟ್ಟುತ್ತವೆ, ಆಮೇಲೆ ಹಿಮ್ಮಡಿ. ಹಿಡಿದುಕೊಳ್ಳಲು ಏನೂ ಇಲ್ಲ. ಒಬ್ಬಳ ಶಾಲನ್ನು ಇನ್ನೊಬ್ಬಳು ಹಿಡಿಯಬೇಕು. ತೋಟ ಮುಟ್ಟಿದ ಮೇಲೆ ಬಗ್ಗುವುದು. ಬೆರಳಿಗೆ ಮೇಕೆ ಕೊಂಬಿನ ತುದಿಗಳನ್ನು ತೊಟ್ಟು ಕೊಂಬೆ ಬಾಚಬೇಕು, ನೆಲಕ್ಕೆ ಉದುರಿದ್ದನ್ನು ಮೊಣಕಾಲೂರಿ ಆರಿಸಬೇಕು. ಏಣಿ ಹತ್ತಿದವನು ಗಂಡಸು, ಅವನ ಕೂಲಿ ದೊಡ್ಡದು. ಏಣಿ ಹಿಡಿದವಳು ಹೆಂಗಸು, ಅವಳ ಕೂಲಿ ಚಿಕ್ಕದು. ಏಣಿ ಬಿಟ್ಟುಬಿಟ್ಟರೆ ಏನಾಗಬಹುದು ಎಂದು ಅಲ್ಜಿಯಾ ಆಗಾಗ ಜೋರಾಗಿಯೇ ಯೋಚಿಸುತ್ತಿದ್ದಳು. ಮೇಲಿದ್ದವನು ಕೊಂಬೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ.

ತೋಟವೂ, ಎಣ್ಣೆ ಗಿರಣಿಯೂ, ಲಝರನ ಗಾಡಿಯೂ ಸಿ ತಯ್ಯಬ್ ಎಂಬವನದು. ಹೆಸರಿನ ಮುಂದೆ 'ಸಿ' ಅನ್ನುವುದು ಅಲ್ಲಿ ಮರ್ಯಾದೆಗೆ. ಅದು ಕರೆಯುವವರ ಮರ್ಯಾದೆ, ಅವನದಲ್ಲ.

ಒಂದು ದಿನ ಹಳ್ಳದ ತಿರುವಿನಲ್ಲಿ ಸಾಲಿಹಾ ಗಾಡಿಯಿಂದ ಬಿದ್ದಳು. ಅಲ್ಜಿಯಾಳ ಪಕ್ಕದ ಮನೆಯವಳು, ಅವಳಷ್ಟೇ ವಯಸ್ಸು. ತೋಳು ಮುರಿಯಿತು. ಸಿ ತಯ್ಯಬ್ ಆಸ್ಪತ್ರೆಗೆ ಬಂದು ನಿಂತು, ಅವಳೇ ಹಾರಿದ್ದು ಅಂದ. ಮೂರು ಅಂಗಿಯ ಮೇಲೆ ಒಂದು ಕಂಬಳಿ ಸುತ್ತಿಕೊಂಡ ಅಜ್ಜಿ ಓಡುವ ಗಾಡಿಯಿಂದ ಹಾರಿದಳಂತೆ. ಹಾರಿ ಎಲ್ಲಿಗೆ ಹೋಗಬೇಕು ಅಂದುಕೊಂಡಿದ್ದಳು ಎಂದು ಅವನೂ ಹೇಳಲಿಲ್ಲ, ಡಾಕ್ಟರೂ ಕೇಳಲಿಲ್ಲ.

ಆವತ್ತು ಸಂಜೆ ಸಾಲಿಹಾಳ ಮನೆಯಲ್ಲಿ ಹೆಂಗಸರು ಸೇರಿದರು. ಒಲೆಯ ಮೇಲೆ ಚಹಾ ಕುದಿದು ಕುದಿದು ಕಪ್ಪಾಗಿತ್ತು. ತುಂಬು ಗರ್ಭಿಣಿ ರಬ್‌ಹಾ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಅವಳೂ ದಿನಾ ಆ ಗಾಡಿಯಲ್ಲಿ ನಿಂತೇ ಹೋಗುವವಳು. ಅವಳ ಹೊಟ್ಟೆಗೂ ಲಝರ್ ಒಂದು ತಲೆಯ ಬಾಡಿಗೆ ಹಿಡಿಯಲಿಲ್ಲವಲ್ಲ, ಅದೇ ಅವನ ಧರ್ಮ.

"ಧಣಿ ಗಿರಣಿ ಗೋಡೆ ಮೇಲೆ ನಂಬರ್ ಬರ್ಸಿದಾನೆ," ಅಂದಳು ರಬ್‌ಹಾ. "ದೂರು, ಹೊಗಳಿಕೆ, ಆರ್ಡರ್, ಏನೇ ಇದ್ರೂ ಫೋನ್ ಮಾಡಿ ಅಂತ."

"ಮಾಡಿ ಏನಂತೀಯಾ?" ಎಂದಳು ಸಾಲಿಹಾ. "ಬಾಯಿ ಬಿಟ್ರೆ ದನಿ ಗೊತ್ತಾಗತ್ತೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತಾನೆ."

"ಬಾಯಿ ಯಾಕೆ ಬಿಡ್ಬೇಕು?" ಅಲ್ಜಿಯಾ ಚಹಾ ಬಗ್ಗಿಸುತ್ತ ಹೇಳಿದಳು. "ಮಿಸ್ಡ್ ಕಾಲ್ ಕೊಡೋಣ."

ಇದನ್ನು ಕೇಳಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಆ ಕಣಿವೆಯಲ್ಲಿ ಫೋನ್ ಎಲ್ಲರ ಹತ್ತಿರವೂ ಇತ್ತು, ಅದರೊಳಗೆ ಕಾಸು ಯಾರ ಹತ್ತಿರವೂ ಇರಲಿಲ್ಲ. ಮಾತೆಲ್ಲ ಮಿಸ್ಡ್ ಕಾಲ್‌ನಲ್ಲೇ. ಬೆಳಗಿನ ಜಾವ ಒಂದು ರಿಂಗ್ ಆದರೆ ಗಾಡಿ ಬಂತು ಅಂತ. ಎರಡಾದರೆ ನಾನಿವತ್ತು ಬರಲ್ಲ ಅಂತ. ಮಧ್ಯಾಹ್ನ ಆದರೆ ಊಟಕ್ಕೆ ಬಾ ಅಂತ. ಹೊತ್ತಲ್ಲದ ಹೊತ್ತಿಗಾದರೆ ಸುಮ್ಮನೆ, ನಿನ್ನ ನೆನಪಾಯಿತು ಅಂತ. ಲಿಬಿಯಾದಿಂದ ಮಗ ದಿನಾ ಸಂಜೆ ಒಂದು ರಿಂಗ್ ಕೊಡುತ್ತಿದ್ದ, ಅಲ್ಜಿಯಾ ತಿರುಗಿ ಒಂದು ಕೊಡುತ್ತಿದ್ದಳು. ಬದುಕಿದ್ದೀನಿ ಅವ್ವ, ನಾನೂ ಬದುಕಿದ್ದೀನಿ ಮಗನೇ. ಅಷ್ಟೇ ಮಾತು. ಇದಕ್ಕೆಲ್ಲ ಇದ್ದದ್ದು ಒಂದೇ ಕಟ್ಟಳೆ. ಫೋನ್ ಎತ್ತಬಾರದು. ಎತ್ತಿದರೆ ಆ ಕಡೆಯವರ ಕಾಸು ಹೋಯಿತು. ರಿಂಗ್ ಬಂದರೆ ತಿರುಗಿ ಒಂದು ರಿಂಗ್ ಕೊಟ್ಟು ತೆಪ್ಪಗಿರಬೇಕು. ಎತ್ತಿ ಹಲೋ ಅಂದುಬಿಟ್ಟ ಸೊಸೆಯರನ್ನು ಅತ್ತೆಯರು ವರ್ಷಗಟ್ಟಲೆ ಆಡಿಕೊಂಡಿದ್ದಾರೆ.

"ಲಝರ್ ಗಾಡಿಗೆ ನೀರು ಹಾಕೋ ಹೊತ್ತಿಗೆ ಸರಿಯಾಗಿ ಕೊಡೋಣ," ಅಂದಳು ಅಲ್ಜಿಯಾ. "ದಿನಾ. ನೀರು ನಿಲ್ಲೋ ತನಕ."

"ಧಣಿಗೆ ಅರ್ಥ ಆಗತ್ತಾ?"

"ಮೊದಲು ಆಗಲ್ಲ. ದಡ್ಡ ಅವನು. ಆದ್ರೆ ಮುಂಜಾನೆ ನಿದ್ದೆ ಕೆಟ್ರೆ ದಡ್ಡನಿಗೂ ಬುದ್ಧಿ ಬರತ್ತೆ."

ಮಾರನೇ ಬೆಳಗ್ಗೆ ಬಕೆಟ್ ಬೋರಲಾದ ತಕ್ಷಣ ಶಾಲುಗಳ ಒಳಗೆ ಬೆರಳುಗಳು ಆಡಿದವು. ಮೊದಲ ರಿಂಗ್ ಅಲ್ಜಿಯಾಳದು. ಎರಡು ದಿನದಲ್ಲಿ ಪಕ್ಕದ ಊರಿನವರೂ ಕೊಡತೊಡಗಿದರು, ಅವರ ಗಾಡಿಗೂ ನೀರು ಬೀಳುತ್ತಿತ್ತಲ್ಲ. ಸಮುದ್ರದ ಕಡೆಯ ಪಟ್ಟಣಗಳಲ್ಲಿ ಮನೆಗೆಲಸಕ್ಕಿದ್ದ ಹೆಣ್ಣುಮಕ್ಕಳು ಕೊಟ್ಟರು. ಅಲ್ಜಿಯಾಳ ಮಗ ಲಿಬಿಯಾದಿಂದ ಕೊಟ್ಟ. ಸಾಲಿಹಾಳ ಅಳಿಯ ಇಟಲಿಯಲ್ಲಿ ಟೊಮೆಟೊ ಕೀಳುತ್ತಿದ್ದವನು ತನ್ನ ಜೊತೆ ಕೀಳುವವರಿಂದಲೂ ಕೊಡಿಸಿದ. ಅವರಲ್ಲಿ ಅರ್ಧ ಜನಕ್ಕೆ ಯಾಕೆ ಕೊಡುತ್ತಿದ್ದೇವೆ ಎಂದು ಗೊತ್ತಿರಲಿಲ್ಲ. ಧಣಿಯೊಬ್ಬನಿಗೆ ಅಂದದ್ದೇ ಸಾಕಾಗಿತ್ತು.

ಗಿರಣಿಯ ಆ ನಂಬರ್ ಸಿ ತಯ್ಯಬನ ಫೋನಿನಲ್ಲೂ ರಿಂಗ್ ಆಗುತ್ತಿತ್ತು, ಜೊತೆಗೆ ಅದಕ್ಕೆ ಒಂದು ಕಂಪ್ಯೂಟರ್ ಕಟ್ಟಿದ್ದರು. ಹೊರದೇಶದ ವ್ಯಾಪಾರಿಗಳು ಕರೆ ಮಾಡಿದರೆ ಆರ್ಡರ್ ತಾನೇ ತೆಗೆದುಕೊಳ್ಳುವ ಯಂತ್ರ ಅದು. ಪಾಪ, ಅದು ಪ್ರತಿಯೊಂದು ರಿಂಗಿಗೂ ಎದ್ದು ಕೂತು ನಮಸ್ಕಾರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್. ಹೀಗೇ ನಡೆದು ಅದು ಒಂದು ದಿನ ಕೆಟ್ಟು ಕೂತಿತು. ಅದಕ್ಕಾದರೂ ಕೂರುವ ಭಾಗ್ಯ ಸಿಕ್ಕಿತು ಎಂದು ಆಮೇಲೆ ರಬ್‌ಹಾ ಹೇಳಿದಳು. ದೊಡ್ಡದೊಂದು ಆರ್ಡರ್ ಕೈತಪ್ಪಿತು. ಸಿ ತಯ್ಯಬ್ ತನಗೆ ಗೊತ್ತಿದ್ದವರಿಗೆ ಹೇಳಿದ. ಅವನಿಗೆ ಗೊತ್ತಿದ್ದವರೆಲ್ಲ ದೊಡ್ಡವರೇ.

ರಾಜಧಾನಿ ಟ್ಯೂನಿಸ್‌ನಿಂದ ಕಪ್ಪು ಜೀಪುಗಳು ಬಂದವು. ಸೈಬರ್ ಭಯೋತ್ಪಾದನೆ ತಡೆಯುವ ದಳವಂತೆ. ದೇಶದ ಆರ್ಥಿಕತೆಯ ಜೀವನಾಡಿಯ ಮೇಲೆ ಹಲವು ದೇಶಗಳಿಂದ ಒಂದೇ ಹೊತ್ತಿಗೆ ಸಂಘಟಿತ ದಾಳಿ ನಡೆದಿದೆಯಂತೆ. ಮೊದಲ ಕರೆ ಬಂದ ನಂಬರನ್ನು ಹುಡುಕಿಕೊಂಡು ಅವರು ಮೇಕೆಗೆ ಹುಲ್ಲು ಹಾಕುತ್ತಿದ್ದ ಅಲ್ಜಿಯಾಳ ಮುಂದೆ ಬಂದು ನಿಂತರು. ಬಂದೂಕು ಹಿಡಿದವರು ಗೋಡೆಯ ಮರೆಯಲ್ಲಿ ಕೂತರು. ಮೇಕೆ ಅವರನ್ನು ನೋಡಿ ಒಂದು ಸಲ ಕೂಗಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

"ನಿಮ್ಮ ಸಾಧನ ಎಲ್ಲಿ?" ಎಂದ ದಳದ ಅಧಿಕಾರಿ ವಾಯಿಲ್. ಎಳೆ ಪ್ರಾಯ, ಒಳ್ಳೆಯ ಜಾಕೆಟ್ಟು.

"ಯಾವ ಸಾಧನ ಮಗನೇ? ಕುಡುಗೋಲಾ?"

ಫೋನ್ ತೆಗೆದುಕೊಟ್ಟಳು. ಅದರ ಬೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಐದರ ಗುಂಡಿ ಬಿದ್ದುಹೋಗಿ ಅಲ್ಲಿ ಬೆಂಕಿಕಡ್ಡಿ ಚುಚ್ಚಿ ಒತ್ತಬೇಕಿತ್ತು. ವಾಯಿಲ್ ಕೈಗೆ ಗ್ಲೌಸ್ ಹಾಕಿಕೊಂಡು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿದ. ಬೆಂಕಿಕಡ್ಡಿಗೆ ಬೇರೆ ಚೀಲ.

ಪಟ್ಟಣದ ಠಾಣೆಯಲ್ಲಿ ಒಂದು ಕೋಣೆ. ಒಂದು ಮೇಜು, ಒಂದು ಕುರ್ಚಿ. ಕುರ್ಚಿಯಲ್ಲಿ ವಾಯಿಲ್ ಕೂತ. ಅಲ್ಜಿಯಾ ಗೋಡೆ ಕಡೆ ಮುಖ ಮಾಡಿ ನಿಲ್ಲಬೇಕಾಯಿತು. ಒರಗಿದರೆ ಕಾನ್‌ಸ್ಟೇಬಲ್ ಭುಜ ತಿವಿಯುತ್ತಿದ್ದ. ಅವನೂ ಹತ್ತಿರದ ಊರಿನವನೇ. ತಿವಿದಾಗಲೆಲ್ಲ ಮೆಲ್ಲಗೆ "ಕ್ಷಮಿಸು ಖಾಲ್ತಿ" ಅನ್ನುತ್ತಿದ್ದ. ಮೊಣಕಾಲಲ್ಲಿ ಬೆಂಕಿ ಹೊತ್ತಿತ್ತು. ಮೂತ್ರಕ್ಕೂ ಬಿಡಲಿಲ್ಲ. ಆ ಕಥೆ ಹೇಳುವಾಗ ಅವಳು ಈ ಭಾಗ ಬಂದರೆ ನಗುವುದನ್ನು ನಿಲ್ಲಿಸುತ್ತಾಳೆ. ಒದ್ದೆಯಾದ ಸ್ಕರ್ಟ್ ಅಲ್ಲೇ ಮೈಮೇಲೆ ಒಣಗಿತು. ಹೆತ್ತವ್ವನ ವಯಸ್ಸಿನವಳನ್ನು ಹಾಗೆ ನಿಲ್ಲಿಸಿ ಆ ಹುಡುಗ ಮೇಜಿನ ಮುಂದೆ ಕೂತು ಕಾಫಿ ಕುಡಿದ.

"ಯಾವ ದೇಶದಲ್ಲಿ ತರಬೇತಿ?"

"ಗೋಡೆಗೆ ಹೇಳ್ಲಾ, ನಿಂಗೆ ಹೇಳ್ಲಾ?"

"ನನಗೆ ಹೇಳಿ."

"ಹಾಗಾದ್ರೆ ತಿರುಗ್ತೀನಿ." ತಿರುಗಿದಳು. "ಅತ್ತೆ ಮನೇಲಿ ತರಬೇತಿ. ಅಡುಗೆ ಆದ್ರೆ ಒಂದು ರಿಂಗ್ ಕೊಡು, ಹೊಲದಿಂದ ಬರ್ತೀನಿ ಅಂದಿದ್ಲು."

"ನಿಮ್ಮ ಜಾಲದಲ್ಲಿ ಯಾರ್ಯಾರಿದ್ದಾರೆ?"

"ಫೋನಲ್ಲೇ ಇದಾರಲ್ಲ. ಮಾಡಿ ಕೇಳು. ಎತ್ತಲ್ಲ, ಈಗಲೇ ಹೇಳಿದೀನಿ."

ಅವಳು ಹೇಳಿದ್ದನ್ನು ಅವನು ಬೆದರಿಕೆ ಅಂದುಕೊಂಡ. ತನ್ನ ಫೋನ್ ತೆಗೆದು, ಅವಳ ಫೋನಿನಲ್ಲಿದ್ದ ನಂಬರುಗಳಿಗೆ ಒಂದೊಂದಾಗಿ ಕರೆ ಮಾಡತೊಡಗಿದ. ಯಾರೂ ಎತ್ತಲಿಲ್ಲ. ಎಲ್ಲರೂ ಕಟ್ಟಳೆಯಂತೆ ತಿರುಗಿ ಒಂದು ರಿಂಗ್ ಕೊಟ್ಟು ತೆಪ್ಪಗಾದರು. ಗುರುತಿಲ್ಲದ ನಂಬರ್ ಬೇರೆ. ಯಾರದಿರಬಹುದು, ಯಾರ ಮಗ ಹೊಸ ಸಿಮ್ ತೆಗೆದುಕೊಂಡ ಎಂದು ಹೆಂಗಸರು ಅಕ್ಕಪಕ್ಕದಲ್ಲಿ ವಿಚಾರಿಸಿದರು. ಅಕ್ಕಪಕ್ಕದವರೂ ಒಂದೊಂದು ಕೊಟ್ಟು ನೋಡಿದರು. ವಾಯಿಲ್ ಒಂದು ಎತ್ತುವಷ್ಟರಲ್ಲಿ ಅದು ನಿಂತು ಇನ್ನೊಂದು ಬರುತ್ತಿತ್ತು. ಫೋನ್ ಮೇಜಿನ ಮೇಲೆ ಗಡಗಡ ನಡುಗಿ ಅಂಚಿಗೆ ಹೋಗಿ ಕೆಳಗೆ ಬಿತ್ತು.

"ಎತ್ಬೇಡ ಮಗನೇ," ಅಂದಳು ಅಲ್ಜಿಯಾ. "ಪಾಪ, ಅವರ ಕಾಸು ಹೋಗತ್ತೆ."

ದಳದ ಮೇಲೆಯೇ ಎರಡನೇ ದಾಳಿ ಎಂದು ವಾಯಿಲ್ ಮೇಲಕ್ಕೆ ವರದಿ ಕಳಿಸಿದ. ಮೇಲಿನವರು ಇಡೀ ಕಣಿವೆಯ ನೆಟ್‌ವರ್ಕ್ ಕಡಿದರು. ಮನೆಮನೆಗೆ ನುಗ್ಗಿ ಫೋನುಗಳನ್ನು ಆಲಿವ್ ಕ್ರೇಟಿಗೆ ತುಂಬಿಕೊಂಡು ಹೋದರು. ಆ ವಾರವೇ ರಬ್‌ಹಾಳಿಗೆ ನೋವು ಬಂತು. ಸೂಲಗಿತ್ತಿಗೆ ಒಂದು ರಿಂಗ್ ಕೊಟ್ಟರೆ ಸಾಕಿತ್ತು, ಕೊಡಲು ಏನೂ ಇರಲಿಲ್ಲ. ಮುರಿದ ತೋಳು ಕುತ್ತಿಗೆಗೆ ಕಟ್ಟಿಕೊಂಡು ಸಾಲಿಹಾ ಗುಡ್ಡ ಹತ್ತಿ ಇಳಿದು ಹೋದಳು. ಸೂಲಗಿತ್ತಿ ಬರುವಷ್ಟರಲ್ಲಿ ಮಗು ಹುಟ್ಟಿತ್ತು, ರಬ್‌ಹಾಳ ರಕ್ತ ಚಾಪೆ ದಾಟಿ ಹರಿದಿತ್ತು. ಇಬ್ಬರೂ ಉಳಿದರು. ಉಳಿದದ್ದು ಅವರ ಪುಣ್ಯ, ನೆಟ್‌ವರ್ಕ್ ಕಡಿದವರ ಪುಣ್ಯವಲ್ಲ. ಇದನ್ನು ಭದ್ರತೆ ಎಂದು ಕರೆಯುವ ನಾಲಿಗೆಗೆ ಒಂದು ದಿನವಾದರೂ ಹುಳ ಬೀಳಬೇಕು.

ಕೊನೆಗೆ ನೆಟ್‌ವರ್ಕ್ ಬಿಡಿಸಿದವನೂ ಸಿ ತಯ್ಯಬನೇ. ಕಣಿವೆಯ ಫೋನುಗಳ ಜೊತೆ ಅವನ ಗಿರಣಿಯ ಫೋನೂ ಸತ್ತಿತ್ತು. ಮಿಸ್ಡ್ ಕಾಲ್‌ನಿಂದ ಒಂದು ಆರ್ಡರ್ ಹೋಗಿದ್ದರೆ ಕಾವಲಿನಿಂದ ಎಲ್ಲ ಆರ್ಡರ್ ಹೋದವು. ಕ್ರೇಟಿನ ಫೋನುಗಳೂ ಆಮೇಲೆ ಮನೆಮನೆಗೆ ವಾಪಸ್ ಬಂದವು, ಅಲ್ಜಿಯಾಳದೊಂದು ಬಿಟ್ಟು.

ಟ್ಯೂನಿಸ್‌ನಿಂದ ಉಮೈಮಾ ಎಂಬ ವಕೀಲೆ ಅಲ್ಜಿಯಾಳನ್ನು ನೋಡಲು ಜೈಲಿಗೆ ಬಂದಳು. ಹುಡುಗಿ ತೆಳ್ಳಗಿದ್ದಳು. ಮೊದಲು ಅವಳಿಗೆ ಊಟ ಆಯಿತೇ ಎಂದು ವಿಚಾರಿಸಿಯೇ ಅಲ್ಜಿಯಾ ಮಾತಿಗೆ ಕೂತಳು. ಜೈಲಿನಲ್ಲಿ ಕೂರಲು ಬಿಡುತ್ತಿದ್ದರು. ಆ ಮಟ್ಟಿಗೆ ಅದು ಗಾಡಿಗಿಂತ ವಾಸಿ.

"ನೋಡಿ ಖಾಲ್ತಿ, ಭಯೋತ್ಪಾದನೆ ಅಂದ್ರೆ ಇದೇ ಅಂತ ಪ್ರಪಂಚದ ದೇಶಗಳೆಲ್ಲ ಸೇರಿ ಇನ್ನೂ ಒಂದು ಮಾತಿಗೆ ಬಂದಿಲ್ಲ. ಅದಕ್ಕೇ ಆ ಪದಾನ ಒಬ್ಬೊಬ್ಬರು ಒಂದೊಂದು ಕಡೆ ಎಳೀತಾರೆ. ಕಂಪ್ಯೂಟರ್, ಫೋನ್ ಅಂತ ಸೇರ್ಕೊಂಡ್ರೆ ಎಳೆಯೋದು ಇನ್ನೂ ಸಲೀಸು."

"ಎಳೆದೂ ಎಳೆದೂ ನನ್ನ ಮನೆ ಬಾಗಿಲಿಗೆ ತಂದ್ರು."

"ಹೂಂ. ಆದ್ರೆ ದೇಶದೇಶಗಳ ನಡುವೆ ಒಂದು ಒಪ್ಪಂದ ಇದೆ, ನಮ್ಮ ಸರ್ಕಾರಾನೂ ಸಹಿ ಹಾಕಿದೆ. ಜನ ಗುಂಪು ಸೇರಿ, ಯಾರಿಗೂ ಹೊಡೀದೆ ಬಡೀದೆ, ನಮಗೆ ಅನ್ಯಾಯ ಆಗಿದೆ ಅನ್ನಬಹುದು. ಬೀದೀಲೇ ಸೇರ್ಬೇಕು ಅಂತಿಲ್ಲ. ಫೋನಲ್ಲಿ ಸೇರಿದ್ರೂ ಸೇರಿದ್ದೇ ಲೆಕ್ಕ. ನಾನು ಇದನ್ನೇ ವಾದ ಮಾಡ್ತೀನಿ."

"ಆ ಒಪ್ಪಂದದಲ್ಲಿ ಕೂರೋದರ ಬಗ್ಗೆ ಏನಾದ್ರೂ ಹಾಕಿದಾರಾ?"

ಉಮೈಮಾ ಯೋಚಿಸಿದಳು. "ಮನುಷ್ಯರನ್ನ ಹೀನಾಯವಾಗಿ ನಡೆಸ್ಕೋಬಾರದು ಅಂತ ಇದೆ."

"ಅದಲ್ಲ. ಕೂರೋದು. ಕೆಲಸಕ್ಕೆ ಹೋಗೋರು ಗಾಡೀಲಿ ಕೂತ್ಕೊಂಡು ಹೋಗ್ಬೇಕು ಅಂತ."

"ಇಲ್ಲ ಖಾಲ್ತಿ. ಹಾಗಂತ ಬಿಡಿಸಿ ಬರೆದಿಲ್ಲ."

"ಬಿಡು, ಬರೆದೋರು ಕೂತ್ಕೊಂಡು ಬರೆದಿರ್ತಾರೆ. ಅವರಿಗೆ ಹೊಳೆದಿರಲ್ಲ."

ಉಮೈಮಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಶಿಕ್ಷೆ ಆದರೆ ವರ್ಷಗಟ್ಟಲೆ ಒಳಗಿರಬೇಕಾಗುತ್ತದೆ, ಅದನ್ನು ಮುಚ್ಚಿಡಲ್ಲ ಎಂದು ಹೇಳಿ ಅವಳ ಕೈ ಹಿಡಿದುಕೊಂಡಳು. ಆ ರಾತ್ರಿ ಅಲ್ಜಿಯಾಳಿಗೆ ಹೆದರಿಕೆಯಾಯಿತು. ಸಂಜೆಯ ರಿಂಗ್ ಬಾರದೆ ಮಗ ಏನೆಂದುಕೊಂಡಿರುತ್ತಾನೆ ಎಂದು ನೆನೆದು ಅತ್ತಳು.

ವಿಚಾರಣೆಯ ಹಿಂದಿನ ದಿನ ಸಿ ತಯ್ಯಬ್ ತಾನೇ ಬಂದ. ಒಂದು ಪೆಟ್ಟಿಗೆ ಖರ್ಜೂರ ತಂದಿದ್ದ. ಜೊತೆಯಲ್ಲಿ ವಾಯಿಲ್, ಅವನ ಕೈಯಲ್ಲಿ ಕ್ಯಾಮೆರಾ.

"ನೀನು ನಮ್ಮನೆಯೋಳಿದ್ದ ಹಾಗೆ ಅಲ್ಜಿಯಾ. ವಿಷಯ ಇಷ್ಟು ದೂರ ಬರಬಾರದಿತ್ತು," ಅಂದ. "ಕ್ಯಾಮೆರಾ ನೋಡ್ಕೊಂಡು ಒಂದು ಮಾತು ಹೇಳಿಬಿಡು. ಹೊರದೇಶದೋರು ನನ್ನ ತಲೆ ಕೆಡಿಸಿದ್ರು, ತಪ್ಪಾಯ್ತು, ಕ್ಷಮಿಸಿ ಅಂತ. ಸಂಜೆಗೆ ಮನೇಲಿರ್ತೀಯ."

ಸಂಜೆಗೆ ಮನೆ. ಮೇಕೆ, ಒಲೆ, ಮಗನ ರಿಂಗ್. ಅಲ್ಜಿಯಾ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡಳು. ಬೀಜ ಅಂಗೈಗೆ ಉಗಿದಳು.

"ಗಾಡಿಗೆ ಹಾಕೋ ನೀರು?"

"ಯಾವ ನೀರು?"

"ಹಾಗಾದ್ರೆ ಯಾವ ಕ್ಷಮೆ?"

ಸಿ ತಯ್ಯಬನ ಮುಖ ಕೆಂಪಾಯಿತು. ಇಷ್ಟು ಸೊಕ್ಕು ಒಳ್ಳೆಯದಲ್ಲ, ನೀನು ಮಣ್ಣು ಮುಕ್ಕುವ ಕೂಲಿಯವಳು ಅನ್ನುವುದನ್ನು ಮರೆಯಬೇಡ ಅಂದ.

"ಹೆಂಗೆ ಮರೀಲಿ? ಹಲ್ಲಲ್ಲಿ ಇನ್ನೂ ನಿನ್ನ ತೋಟದ ಮಣ್ಣೇ ಇದೆ," ಅಂದಳು ಅಲ್ಜಿಯಾ. "ನಾನು ಹೇಳಲ್ಲ. ಹೋಗು. ಖರ್ಜೂರ ಬಿಟ್ಟು ಹೋಗು."

ಅವನು ಖರ್ಜೂರ ತೆಗೆದುಕೊಂಡು ಹೋದ.

ಕೋರ್ಟಿಗೆ ಇಡೀ ಐನ್ ಝರ್ದಾ ನಡೆದು ಬಂದಿತ್ತು. ಬೆಂಚುಗಳೆಲ್ಲ ಹೆಂಗಸರು. ಬೆಂಚು ಸಿಕ್ಕಿತೆಂದು ಬಿಗಿಯಾಗಿ ಕೂತಿದ್ದರು. ಆರೋಪಿ ಮಾತ್ರ ಕಟಕಟೆ ಹಿಡಿದು ನಿಲ್ಲಬೇಕಿತ್ತು. ಮೊಣಕಾಲು ನೋವಿದೆ, ಕುರ್ಚಿ ಕೊಡಿಸಿ ಎಂದು ಉಮೈಮಾ ಕೇಳಿದಳು. ಪದ್ಧತಿಯಲ್ಲಿ ಇಲ್ಲ ಅಂದರು.

"ಇರ್ಲಿ ಬಿಡು ಮಗಳೇ," ಅಂದಳು ಅಲ್ಜಿಯಾ. "ಇಲ್ಲಿ ನೆಲವಾದ್ರೂ ಒಣಗಿದೆ."

ಸರ್ಕಾರಿ ವಕೀಲರು ದಾಳಿಯ ನಕ್ಷೆ ತೋರಿಸಿದರು. ಲಿಬಿಯಾದಿಂದ ಒಂದು ಕೆಂಪು ಗೆರೆ, ಇಟಲಿಯಿಂದ ಒಂದು, ಕಣಿವೆಯ ತುಂಬ ಕೆಂಪು ಚುಕ್ಕಿ. ಆಮೇಲೆ ಸಿ ತಯ್ಯಬನನ್ನು ಕರೆದು, ಈ ಕೃತ್ಯದಿಂದ ನಿಮಗೆ ಭಯ ಉಂಟಾಯಿತೇ ಎಂದು ಕೇಳಿದರು.

"ಉಂಟಾಗದೇ ಏನು? ಈಗಲೂ ಫೋನ್ ರಿಂಗ್ ಆದ್ರೆ ಎದೆ ಧಸಕ್ ಅನ್ನತ್ತೆ. ಬೆಳಗ್ಗೆ ಹೊತ್ತು ಆಫ್ ಮಾಡಿ ಡ್ರಾಯರಿಗೆ ಹಾಕ್ಬಿಡ್ತೀನಿ ಸ್ವಾಮಿ."

ಬೆಂಚುಗಳ ಮೇಲೆ ನಗು ಹರಿದಾಡಿತು. ಜಡ್ಜ್ ಮೇಜು ಕುಟ್ಟಿದರು. ವಯಸ್ಸಾದವರು, ದಪ್ಪ ಕನ್ನಡಕ, ಇದೇ ಸೀಮೆಯವರು. ಉಮೈಮಾ ಎದ್ದು ಒಪ್ಪಂದದ ಮಾತು ಹೇಳಿದಳು, ಗಾಡಿಯ ನೀರಿನ ಮಾತು ಹೇಳಿದಳು, ರಬ್‌ಹಾಳ ಹೆರಿಗೆಯ ಮಾತು ಹೇಳಿದಳು. ಆಮೇಲೆ ಜಡ್ಜ್ ಅಲ್ಜಿಯಾಳ ಕಡೆ ತಿರುಗಿದರು.

"ಕರೆ ಮಾಡಿದಿರಿ, ಮಾತಾಡಲಿಲ್ಲ. ಏನು ಹೇಳಬೇಕೆಂದು ಮಾಡಿದಿರಿ?"

"ಕೂರ್ಬೇಕು ಅಂತ, ಸ್ವಾಮಿ."

"ಅಷ್ಟಕ್ಕೆ ಇಷ್ಟು ಕರೆಯೇ?"

"ಅಷ್ಟೂ ಜನ ನಿಂತಿದ್ವಲ್ಲ."

ಜಡ್ಜ್ ಬರೆದುಕೊಳ್ಳಲು ತಲೆ ತಗ್ಗಿಸಿದರು. ಅಷ್ಟರಲ್ಲಿ ಅವರ ನಿಲುವಂಗಿಯ ಒಳಗಿಂದ ಫೋನ್ ಒಂದು ರಿಂಗ್ ಹೊಡೆದು ನಿಂತಿತು. ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ.

"ಮನೆಯೋರು ಊಟಕ್ಕೆ ಕರೀತಿದಾರೆ ಸ್ವಾಮಿ," ಅಂದಳು ಅಲ್ಜಿಯಾ. "ತಿರುಗಿ ಒಂದು ಕೊಟ್ಬಿಡಿ. ಇಲ್ದಿದ್ರೆ ಕಾಯ್ತಾ ಇರ್ತಾರೆ."

ಈ ಸಲ ನಗು ಕಿಟಕಿ ದಾಟಿ ಬೀದಿಗೆ ಹೋಯಿತು. ಕಾನ್‌ಸ್ಟೇಬಲ್ ಗೋಡೆ ಕಡೆ ತಿರುಗಿ ನಕ್ಕ. ವಾಯಿಲ್ ಮಾತ್ರ ನಗಲಿಲ್ಲ. ಆ ರಿಂಗಿಗೂ ಒಂದು ಕೆಂಪು ಚುಕ್ಕಿ ಇಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದನೋ ಏನೋ. ಜಡ್ಜ್ ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು.

ನ್ಯಾಯ ಸಿಕ್ಕಿತು ಅಂದುಕೊಳ್ಳಬೇಡಿ. ಮೊಕದ್ದಮೆ ವಜಾ ಆಗಲಿಲ್ಲ. ಅಲ್ಜಿಯಾ ಕಾಗದದ ಮೇಲೆ ಇವತ್ತಿಗೂ ಭಯೋತ್ಪಾದಕಿಯೇ. ಮುಂದಿನ ವಿಚಾರಣೆಯ ತನಕ ಮನೆಗೆ ಹೋಗಬಹುದು, ಫೋನ್ ಮುಟ್ಟುವಂತಿಲ್ಲ ಎಂದು ಆಯಿತು. ಗಾಡಿಯ ನೀರಿನ ಬಗ್ಗೆ ಜಡ್ಜ್ ಏನೂ ಹೇಳಲಿಲ್ಲ, ಅದು ಅವರ ಮುಂದಿದ್ದ ವಿಷಯವಲ್ಲವಂತೆ. ಊಟಕ್ಕೆ ಎದ್ದು ಹೋದರು. ಸಾಲಿಹಾ ಕೋರ್ಟಿನ ಮೆಟ್ಟಿಲಲ್ಲೇ ತನ್ನ ಅಳಿಯನಿಗೆ ಒಂದು ರಿಂಗ್ ಕೊಟ್ಟಳು. ಅದು ಇಟಲಿಯಿಂದ ಲಿಬಿಯಾಕ್ಕೆ ಹೋಗಿ ಅಲ್ಜಿಯಾಳ ಮಗನಿಗೆ ಮುಟ್ಟಿತು.

ಮಾರನೇ ಬೆಳಗ್ಗೆ ಅಲ್ಜಿಯಾಳನ್ನು ಎಬ್ಬಿಸಲು ರಿಂಗ್ ಇರಲಿಲ್ಲ. ಮೇಕೆ ಎಬ್ಬಿಸಿತು. ಶಾಲು ಹೊದ್ದು, ಬೆರಳಿನ ಕೊಂಬುಗಳನ್ನು ಗಂಟು ಕಟ್ಟಿಕೊಂಡು ರಸ್ತೆಗೆ ಬಂದಳು. ಹೆಂಗಸರು ಆಗಲೇ ಸೇರಿದ್ದರು. ಸಾಲಿಹಾಳೂ ಬಂದಿದ್ದಳು, ಒಂದು ಕೈ ಇದೆಯಲ್ಲ ಅಂದಳು. ಮನೆಯಲ್ಲಿ ಕೂತರೆ ಅವಳಿಗೆ ಹಿಟ್ಟು ಯಾರು ತಂದುಕೊಡುತ್ತಾರೆ?

ಲಝರ್ ಬಂದ. ಗಾಡಿಯಿಂದ ಇಳಿದು ಬಕೆಟ್ ತೆಗೆದ.

"ಏನ್ ಖಾಲ್ತಿ, ಜೈಲಿಂದ ಬಿಟ್ರಾ? ನಿಮಗೋಸ್ಕರ ಇವತ್ತು ಎರಡು ಬಕೆಟ್."

ಎರಡು ಸುರಿದ. ತಗಡಿನ ಮೇಲೆ ನೀರು ತಳತಳ ಅನ್ನುತ್ತಿತ್ತು. ಹೆಂಗಸರೆಲ್ಲ ಅಲ್ಜಿಯಾಳ ಮುಖ ನೋಡಿದರು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಸಾಲಿಹಾ ಇದ್ದ ಒಂದು ಕೈಯಲ್ಲಿ ಕೆಳಗಿನಿಂದ ನೂಕಿದಳು, ಅಲ್ಜಿಯಾ ಹತ್ತಿದಳು. ಡ್ರೈವರ್ ಕ್ಯಾಬಿನ್ನಿನ ಬೆನ್ನಿಗೆ ಹೋಗಿ ಒರಗಿದಳು. ಮೊಣಕಾಲುಗಳನ್ನು ಮೆಲ್ಲಗೆ, ಒಂದೊಂದಾಗಿ ಮಡಚಿದಳು. ಕೂತಳು.

ನೀರು ಸ್ಕರ್ಟಿನೊಳಗೆ ಏರಿತು. ಒಂದು ಕ್ಷಣ ಉಸಿರೇ ನಿಂತಿತು. ಆಮೇಲೆ ಮೊಣಕಾಲುಗಳು ಕೂಗುವುದನ್ನು ಬಿಟ್ಟವು. ಅಷ್ಟು ವರ್ಷದಲ್ಲಿ ಆ ಗಾಡಿಯಲ್ಲಿ ಅವು ಮಡಚಿದ್ದು ಅದೇ ಮೊದಲು.

"ಒದ್ದೆ ಆಗತ್ತೆ ಖಾಲ್ತಿ," ಅಂದ ಲಝರ್.

"ಆಗಿದೆ."

ಸಾಲಿಹಾ ಕೆಳಗಿನಿಂದ ಕತ್ತು ಚಾಚಿ ಕೇಳಿದಳು. "ಹೆಂಗಿದೆ ಅಕ್ಕ?"

"ತಣ್ಣಗಿದೆ. ಬಾ ಕೂತ್ಕೋ."

ಸಾಲಿಹಾ ಹತ್ತಿ ಕೂತಳು. "ಅಯ್ಯಯ್ಯಪ್ಪ" ಅಂದಳು, ನಕ್ಕಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕಾಲು ಚಾಚಿ, ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಗಾಡಿ ತುಂಬಿತು. ಜಾಗ ಸಿಗದವರು ರಸ್ತೆ ಬದಿಯ ಕಲ್ಲುಗಳ ಮೇಲೆ ಸಾಲಾಗಿ ಕೂತರು.

"ಏಳ್ರಿ, ಏಳ್ರಿ. ಇನ್ನೂ ಅರ್ಧಕ್ಕರ್ಧ ಜನ ಹತ್ಬೇಕು."

"ಇನ್ನೊಂದು ಸಲ ಬಂದು ಕರ್ಕೊಂಡು ಹೋಗು," ಅಂದಳು ಅಲ್ಜಿಯಾ. "ಅವರು ಎಲ್ಲಿಗೂ ಹೋಗಲ್ಲ, ಕೂತಿರ್ತಾರೆ."

"ಡೀಸೆಲ್ ನಿಮ್ಮಪ್ಪ ಕೊಡ್ತಾನಾ?"

"ನಮ್ಮಪ್ಪ ಇದ್ದಿದ್ರೆ ಆ ಬಕೆಟ್ ನಿನ್ನ ತಲೆಗೇ ಬೋರಲು ಹಾಕ್ತಿದ್ದ."

ಲಝರನಿಗೆ ರೋಷ ಬಂತು. ಮತ್ತೊಂದು ಬಕೆಟ್ ತುಂಬಿ ತಂದು ಅವರ ಮಡಿಲುಗಳ ಮೇಲೆಯೇ ಎರಚಿದ. ಯಾರೂ ಏಳಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು. ಸಾಲಿಹಾ ಮುಖ ಒರೆಸಿಕೊಂಡು, "ಇನ್ನೊಂದು ತಗೊಂಡ್ಬಾ ಲಝರ್, ಬೆನ್ನು ಬಾಕಿ ಇದೆ" ಅಂದಳು.

ಲಝರ್ ಬಕೆಟ್ ಹಿಡಿದೇ ಫೋನ್ ತೆಗೆದ. ಧಣಿಯನ್ನೇ ಕೇಳೋಣ ಎಂದು ಫೋನ್ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸಿ ತಯ್ಯಬನ ಫೋನ್ ಡ್ರಾಯರಿನಲ್ಲಿ ಮಲಗಿತ್ತು. ಗುಡ್ಡದ ಹಿಂದೆ ಬೆಳಕು ಮೂಡಿತು. ಗಾಡಿಯೊಳಗೆ ಹೆಂಗಸರು ಕೂತಿದ್ದರು, ಕಲ್ಲಿನ ಮೇಲೆ ಹೆಂಗಸರು ಕೂತಿದ್ದರು. ನಡುವೆ ಖಾಲಿ ಬಕೆಟ್ ಹಿಡಿದು ಲಝರ್ ಒಬ್ಬನೇ ನಿಂತಿದ್ದ.

"ಕಾಲು ನೋಯ್ತಿದ್ರೆ ನೀನೂ ಕೂತ್ಕೋ ಬಾ," ಅಂದಳು ಅಲ್ಜಿಯಾ. "ಜಾಗ ಮಾಡ್ತೀವಿ."